ಉಪದೇಶಿಗಳು ಕೂತ ಹಾಸಿಗೆ

ಉಪದೇಶಿಗಳು ಚಪ್ಪಲಿಯನ್ನು ವಾರ್ಡಿನ ಹೊರಗೇ ಕಳಚಿ ಬರಿಗಾಲಲ್ಲಿ ಒಳಗೆ ಬರುತ್ತಿದ್ದರು. ಎಡಗಾಲನ್ನು ಸ್ವಲ್ಪ ಎಳೆದು ನಡೆಯುವ ಅವರ ಚಪ್ಪಲಿಯ ಸದ್ದು ಕೇಳಿದರೆ ರೋಗಿಗಳು ಗೋಡೆಯ ಕಡೆಗೆ ಹೊರಳುತ್ತಿದ್ದರು, ಅದಕ್ಕೇ ಹಾಗೆ. ಡಾಕ್ಟರು ಆಸೆ ಬಿಟ್ಟ ಮೇಲೆಯೇ ಅವರಿಗೆ ಕರೆ ಹೋಗುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು.

ಅರವತ್ತರ ದಶಕದ ಆರಂಭದಲ್ಲಿ ನಾನು ಹುಬ್ಬಳ್ಳಿಯ ಒಂದು ಮಿಶನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಸಾಯುವವರ ಬಳಿ ಕೂತು ಪ್ರಾರ್ಥಿಸುವುದು, ಆಮೇಲೆ ಹೊರಗೆ ಕಾದಿದ್ದ ಮನೆಯವರಿಗೆ ಸುದ್ದಿ ಹೇಳುವುದು ಉಪದೇಶಿಗಳ ಕೆಲಸ. ಯಾವ ಮತದವರೆಂದು ಅವರು ನೋಡುತ್ತಿರಲಿಲ್ಲ. ಕೈ ಹಿಡಿದು, "ನಾ ಇಲ್ಲೇ ಅದೇನಿ" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಅವರು ಹೆಂಗಸರ ವಾರ್ಡಿನ ಕೊನೆಯಲ್ಲಿದ್ದ ಅಜ್ಜಿಯ ಕಡೆಗೆ ಹೊರಟಿದ್ದರು. ನಡುವೆ ಹತ್ತಿ ವ್ಯಾಪಾರಿಯ ಸೊಸೆ ಬಾಣಂತಿ ಜ್ವರದಲ್ಲಿ ಮಲಗಿದ್ದಳು. ಅವಳ ಅತ್ತೆ ಎದ್ದು ಅಡ್ಡ ನಿಂತಳು.

"ಕೈ ಮುಗೀತೇನ್ರಿ, ಇತ್ತ ಬರಬ್ಯಾಡ್ರಿ. ನೀವು ಕುಂತ ಹಾಸಿಗಿಯಿಂದ ಯಾರರ ಎದ್ದು ಮನಿಗೆ ಹೋಗ್ಯಾರೇನು?"

"ಖರೇ ಐತ್ರಿ, ಅವ್ವಾರ," ಎಂದು ಉಪದೇಶಿಗಳು ಹಿಂದಿರುಗಿದರು.

ಅಜ್ಜಿಯ ಬಳಿಗೆ ಮತ್ತೆ ಕರೆಯಲು ನಾನು ಹೋದಾಗ ಅವರು ಬೇವಿನ ಕಟ್ಟೆಯ ಮೇಲೆ ಕೂತಿದ್ದರು. "ಇವತ್ತ ನನ್ನ ಕಡೆ ಏನೂ ಉಳಿದಿಲ್ರಿ, ಸಿಸ್ಟರ್. ಕೈ ಹಿಡಿದ್ರ ಸಾಯವರಿಗೆ ಅದು ಗೊತ್ತಾಗಿ ಬಿಡತೈತಿ," ಎಂದರು. ಆದರೂ ಎದ್ದು ಬಂದರು. ಅಜ್ಜಿ ಆಗಲೇ ತೀರಿಕೊಂಡಿದ್ದಳು.

ಗುಣವಾಗುತ್ತಿರುವವರ ಹತ್ತಿರವೂ ಅವರನ್ನು ಕಳಿಸಿ ಎಂದು ನಾನು ಡಾಕ್ಟರನ್ನು ಕೇಳಿದೆ. "ಛಲೋ ಆದವರಿಗೆ ಉಪದೇಶಿ ಯಾಕ ಬೇಕ್ರಿ?" ಎಂದು ಅವರು ನಕ್ಕರು. ರಜೆಯನ್ನಾದರೂ ತೆಗೆದುಕೊಳ್ಳಿ ಎಂದು ಉಪದೇಶಿಗಳಿಗೆ ಹೇಳಿದಾಗ ಅವರೂ ನಕ್ಕರು: "ನಾ ಬರೋತನಕ ಸಾಯವರು ಕಾಯ್ತಾರೇನ್ರಿ?"

ಮುಂದೆ ಅವರ ಮಾತು ಕಡಿಮೆಯಾಯಿತು. ಊಟದ ಡಬ್ಬಿ ಮುಚ್ಚಿದಂತೆಯೇ ಮನೆಗೆ ಹೋಗುತ್ತಿತ್ತು. ಕರೆ ಬಂದಾಗ ಬಾಗಿಲ ಹೊರಗೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಒಳಗೆ ಬರುತ್ತಿದ್ದರು. ಒಂದು ಹಾಸಿಗೆಯನ್ನೂ ಮತ್ತೆ ತಪ್ಪಿಸಲಿಲ್ಲ.

ಕೆಲವು ವರ್ಷಗಳ ನಂತರ ಅವರೇ ನಮ್ಮಲ್ಲಿ ಬಂದು ಮಲಗಿದರು. ಪುಪ್ಪುಸ ಕೆಟ್ಟಿತ್ತು. ಕೊನೆಯ ಸಂಜೆ ನಾನು ಸ್ಟೂಲ್ ಎಳೆದು ಕೂತು ಪ್ರಾರ್ಥನೆಗೆ ಕೈ ಜೋಡಿಸಿದೆ.

"ಪ್ರಾರ್ಥನಿ ಬ್ಯಾಡ್ರಿ, ಸಿಸ್ಟರ್. ಭಾಳ ಮಾಡೇನಿ. ಈ ವಾರ ಯಾರ್ಯಾರು ಛಲೋ ಆಗಿ ಮನಿಗೆ ಹೋದ್ರು? ಅಷ್ಟ ಹೇಳ್ರಿ."

ಅವರ ಕೈ ಹಿಡಿದು ಹೇಳತೊಡಗಿದೆ. ಗೋಡೆ ಕಟ್ಟುವಾಗ ಬಿದ್ದು ಕಾಲು ಮುರಿದಿದ್ದ ತಾರಿಹಾಳದ ಗೌಂಡಿ. ಅವಳಿ ಹೆತ್ತ ಗೋಪನಕೊಪ್ಪದ ಹುಡುಗಿ. ಒಬ್ಬೊಬ್ಬರಿಗೂ ಅವರು "ಹೂಂ" ಎನ್ನುತ್ತಿದ್ದರು. ಆ "ಹೂಂ" ನಿಂತಾಗ ಇನ್ನೂ ಇಬ್ಬರು ಉಳಿದಿದ್ದರು. ಉಪದೇಶಿಗಳ ಕೈ ಬಿಡದೆ ಆ ಇಬ್ಬರನ್ನೂ ಹೇಳಿ ಮುಗಿಸಿದೆ.