ಮಾಡ್ಬರಿ ಪಾರ್ಕಿಗೆ ಓಟು ಕೇಳಲು ಬಂದವನು

ಅಡಿಲೇಡಿನ ಮಾಡ್ಬರಿ ಪಾರ್ಕಿನಲ್ಲಿ ಇವತ್ತು ಬಾರ್ಬಿ, ಅಂದರೆ ಅಲ್ಲೇ ಮಾಂಸ ಸುಟ್ಟು ತಿನ್ನುವ ಕೂಟ. ತಂಗಿಯ ಮಗಳು ಸಿಂಧು ನನ್ನನ್ನೂ ಕರೆದೊಯ್ದಿದ್ದಳು. ಅವಳ ನೆರೆಮನೆಯ ಮರಿಯಂ, ಯುದ್ಧ ಮುಗಿದು ಈಗಷ್ಟೇ ಮನೆ ರಸ್ತೆ ಕಟ್ಟಿಕೊಳ್ಳುತ್ತಿರುವ ದೇಶದವಳು. ಅಲ್ಲಿನ ರಾಜಕಾರಣಿಯೊಬ್ಬ ಇಲ್ಲಿರುವ ತನ್ನವರ ಓಟು ಕೇಳಲು ಬಂದಿದ್ದ. ಮರಿಯಂ ಕೃತಕ ಕಾಲನ್ನು ಎಳೆಯುತ್ತಾ ಹೋಗಿ ಮೊದಲ ತಟ್ಟೆಯನ್ನು ಅವನಿಗೇ ಕೊಟ್ಟಳು.

"ಮಾಮ, ಇವಳ ಕಾಲು ಹೋಗಿದ್ದು ಅವ್ನು ಹೂಳಿಸಿದ್ದ ನೆಲಬಾಂಬಿಂದ," ಎಂದು ಸಿಂಧು ಪಿಸುಗುಟ್ಟಿದಳು.

ಮರಿಯಂ ವಾಪಸು ಬಂದಾಗ ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟೆ: "ಅವನಿಗೆ ಓಟು ಹಾಕ್ತೀಯೇನಮ್ಮಾ?"

"ಹಾಕ್ಲೇಬೇಕು ಅಂಕಲ್. ನಮ್ಮಮ್ಮ ಇನ್ನೂ ಅದೇ ಊರಲ್ಲಿದ್ದಾರೆ. ಉಳಿದ ಬಾಂಬ್ ಎಲ್ಲೆಲ್ಲಿವೆ ಅಂತ ಗೊತ್ತಿರೋದು ಅವನೊಬ್ಬನಿಗೇ. ಗೆದ್ರೆ ತೆಗೆಸ್ತಾನಂತೆ."