ಎದುರು ಹರಿವಿನ ಸಾಲು

ಬೋಟು ಕಟ್ಟೆಯಲ್ಲಿ ಅವಳಿಗೆ ಪಾಯಿಂಟಕ್ಕ ಎಂದೇ ಹೆಸರು. ಬೋಟುಗಳ ವೇಗ ಅಳೆಯುವ ಸೆನ್ಸರು, ನೀರಿನ ಬಿಸಿ ಅಳೆಯುವ ಸೆನ್ಸರು ನಿಜ ಹೇಳುತ್ತಿವೆಯೇ ಎಂದು ಪರೀಕ್ಷಿಸಿ ಹೊಂದಿಸುವುದು ಅವಳ ಕೆಲಸ. ಅಳತೆ ಪಾಯಿಂಟ್ ಎರಡರಷ್ಟು ಆಚೀಚೆಯಾದರೂ ವರದಿಗೆ ಸಹಿ ಹಾಕುವವಳಲ್ಲ. ಅದೇ ಕಟ್ಟೆಯಲ್ಲಿ ಮೂವತ್ತು ವರ್ಷದಿಂದ ಪ್ರಯಾಣಿಕರ ಬೋಟು ನಡೆಸುತ್ತಿದ್ದ ಅವಳ ಮಾವನಿಗೆ ಈ ಹೆಸರೆಂದರೆ ಎಲ್ಲಿಲ್ಲದ ಹೆಮ್ಮೆ. ಅವಳು ಅಡುಗೆಮನೆಯಲ್ಲಿ ಐಸು ನೀರಿನ ಪಾತ್ರೆಗೆ ಸೆನ್ಸರು ಇಳಿಬಿಟ್ಟು ಕೂತರೆ, ನನ್ನ ಸೊಸೆ ಐಸನ್ನೂ ವಿಚಾರಿಸದೆ ನಂಬುವವಳಲ್ಲ ಎಂದು ಬಂದವರಿಗೆಲ್ಲ ಹೇಳುವರು.

ಈ ಸಲ ಅವಳು ವೇಗದ ಮೀಟರು ಹೊಂದಿಸಿದ ಮೇಲೆ ಮಾವನ ಬೋಟು ದಿನವೂ ಹತ್ತು ನಿಮಿಷ ತಡವಾಗತೊಡಗಿತು. ಮೀಟರಿನ ಮುಳ್ಳು ಹತ್ತು ದಾಟಬಾರದೆಂದು ಮಾಲೀಕರ ಕಟ್ಟಪ್ಪಣೆ, ಮಾವ ಅದನ್ನು ಮೀರಿದವರಲ್ಲ. ಮಾಲೀಕರು ಇಬ್ಬರನ್ನೂ ಕರೆಸಿದರು. ಮುಳ್ಳು ಹತ್ತರಲ್ಲಿದ್ದೂ ತಡವೆಂದರೆ ನಡುವೆ ಎಲ್ಲೋ ತೂಕಡಿಸುತ್ತೀರಿ ಎಂದರು. ಮೀಟರೇ ಹೆಚ್ಚು ತೋರಿಸುತ್ತಿರಬಹುದು ಎಂದರು ಮಾವ. ಮಾಲೀಕರು ಅವಳತ್ತ ತಿರುಗಿದರು.

ವೇಗ ಹೊಂದಿಸಲು ದಡದ ಎರಡು ಕಂಬಗಳ ನಡುವೆ ಬೋಟನ್ನು ಒಮ್ಮೆ ಹರಿವಿನ ಜೊತೆ, ಒಮ್ಮೆ ಹರಿವಿಗೆ ಎದುರಾಗಿ ಓಡಿಸಿ ಸರಾಸರಿ ತೆಗೆಯಬೇಕು. ಇಲ್ಲವಾದರೆ ಹೊಳೆಯ ಓಟವೂ ಬೋಟಿನ ಖಾತೆಗೆ ಬೀಳುತ್ತದೆ, ಮೀಟರು ಇಲ್ಲದ ವೇಗ ತೋರಿಸುತ್ತದೆ. ಮಾವ ರಜೆಯಲ್ಲಿದ್ದ ಆ ದಿನ ಅವಳು ಹರಿವಿನ ಜೊತೆಗಷ್ಟೇ ಓಡಿಸಿದ್ದಳು. ವರದಿಯಲ್ಲಿ ಎದುರು ಓಟದ ಅಂಕಿಗಳ ಸಾಲನ್ನು ಊಹೆಯಿಂದಲೇ ತುಂಬಿದ್ದಳು. ಯಾಕೆ? ಚಪ್ಪಲಿ ಅಂಗಡಿ ಮುಚ್ಚಿಬಿಡುತ್ತದೆಂದು! ಮಾಲೀಕರ ಮುಂದೆ ನಿಂತಾಗ ಅದೆಲ್ಲ ಅವಳಿಗೆ ಚೆನ್ನಾಗಿ ನೆನಪಿತ್ತು. ಆದರೆ ಪಾಯಿಂಟಕ್ಕನೆಂಬ ಹೆಸರು ಬಾಯಿಗೆ ಅಡ್ಡ ಬಂತು.

"ಮೀಟರು ಸರಿ ಇದೆ. ನಾನೇ ಹೊಂದಿಸಿದ್ದು."

ಮಾವ ಅವಳ ಮುಖ ನೋಡಿದರು. "ಅವಳು ಹೇಳಿದ ಮೇಲೆ ಮುಗೀತು. ನನಗೇ ವಯಸ್ಸಾಯ್ತೇನೋ."

ಮರುದಿನದಿಂದ ಅವರಿಗೆ ಟಿಕೆಟ್ ಹರಿಯುವ ಕೆಲಸ. ಅವರು ದೂರಲಿಲ್ಲ, ಮುಖ ಊದಿಸಿಕೊಳ್ಳಲಿಲ್ಲ. ಬದಲಿಗೆ ತಮ್ಮನ್ನೇ ಪರೀಕ್ಷೆಗಿಟ್ಟುಕೊಂಡರು. ಚಹಾ ಲೋಟ ಎತ್ತಿ ಕೈ ನಡುಗುತ್ತದೆಯೇ ಎಂದು ನೋಡುವರು. ಅವಳು ಅದನ್ನೆಲ್ಲ ನೋಡುತ್ತಿದ್ದಳು. ಆದರೂ ನಾಲ್ಕು ದಿನ ಬಾಯಿ ಬಿಡಲಿಲ್ಲ, ಅಂಥ ಹೇಡಿ.

ಐದನೆಯ ದಿನ ಮಾವ ಕಣ್ಣಿನ ಡಾಕ್ಟರ ಬಳಿ ಹೋಗಿ ಬಂದರು. ಸ್ಕೂಟರಿನ ಕೀಲಿಯನ್ನು ಅವಳ ಮುಂದಿಟ್ಟರು.

"ಕಣ್ಣು ಸರಿ ಇದೆಯಂತೆ. ಹಾಗಾದ್ರೆ ತಲೆಯೇ ಕೆಟ್ಟಿರ್ಬೇಕು. ಇನ್ನು ನೀನೇ ಓಡಿಸಮ್ಮ, ಯಾರಿಗಾದ್ರೂ ಗುದ್ದಿಬಿಟ್ರೆ ಕಷ್ಟ."

ಅವಳು ನೆಲ ನೋಡುತ್ತ ಎಲ್ಲ ಹೇಳಿದಳು. ಓಡಿಸದ ಓಟ, ಬರೆದ ಸುಳ್ಳು, ಚಪ್ಪಲಿ ಅಂಗಡಿ, ಯಾವುದನ್ನೂ ಬಿಡಲಿಲ್ಲ. ಬೈಗುಳಕ್ಕೆ ಕಾದು ನಿಂತಳು. ಅವರು ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು.

"ಅಂದ್ರೆ ಬೋಟು ನಿಜವಾಗ್ಲೂ ನಿಧಾನ ಹೋಗ್ತಿತ್ತಾ?"

"ಹೌದು ಮಾವ."

"ನಾನು ತೂಕಡಿಸ್ತಿರಲಿಲ್ಲ?"

"ಇಲ್ಲ ಮಾವ."

ಅವರ ಮುಖ ಅರಳಿತು. ಕೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. ಇನ್ನೊಂದು ಸಲ ಹೇಳು ಎಂದರು, ಅವಳು ಹೇಳಿದಳು. ಆಮೇಲೆ ಕೀಲಿ ಎತ್ತಿಕೊಂಡು, ಮಾಲೀಕರ ಹತ್ತಿರ ಹೋಗೋಣ ನಡಿ ಎಂದು ಹಗುರಾಗಿ ಮೆಟ್ಟಿಲಿಳಿದರು. ಬಾಗಿಲಲ್ಲಿ ಅವಳು ಅಂದು ಕೊಂಡ ಹೊಸ ಚಪ್ಪಲಿಗಳಿದ್ದವು. ಅವನ್ನು ನೋಡಿ ಅವಳು ನಾಚಿಕೆಯಿಂದ ಹಿಡಿಯಾದಳು, ಬರಿಗಾಲಲ್ಲೇ ಹೋಗಿ ಸ್ಕೂಟರಿನ ಹಿಂದೆ ಕೂತಳು.