ನಾನು ಪಾಳು ಎಂದು ಬರೆದ ಎರಿಹೊಲ

ಕಾಶೀಬಾಯಿಯವರೇ, ನಾನು ಬಿಜಾಪುರದವನಲ್ಲ. ತಾಂಬಾದವನು.

ಈ ಮಾತನ್ನು ಅಂದು ನಿಮ್ಮೂರ ಶಾಲೆಯ ಅಂಗಳದಲ್ಲಿ, ಅಷ್ಟು ಜನರ ನಡುವೆ, ನೀವು ಕೇಳಿದ ಕೂಡಲೇ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದ್ದರೆ ನಿಮ್ಮ ಹೊಲ ಉಳಿಯುತ್ತಿತ್ತೋ ಇಲ್ಲವೋ — ನನಗೆ ತಿಳಿಯದು. ಆದರೆ ಕಪ್ಪು ಮಣ್ಣಿನ ಆ ಎರಿಹೊಲ ಪಾಳಲ್ಲ ಎಂಬುದು ನನಗೆ ತಿಳಿದಿತ್ತು. ತಿಳಿದೂ ಪಾಳು ಎಂದು ಬರೆದವನು ನಾನು. ಉಪಗ್ರಹವಲ್ಲ, ಕಂಪ್ಯೂಟರ್ ಅಲ್ಲ — ನಾನು.

ಇದನ್ನು ನಿಮಗೆಂದೇ ಬರೆಯುತ್ತಿದ್ದೇನೆ. ಆದರೂ ಅಚ್ಚಿಗೆ ಕೊಡುತ್ತಿದ್ದೇನೆ. ಸುಳ್ಳು ಹೇಳಿದ್ದು ಸಭೆಯಲ್ಲಿ; ನಿಜವನ್ನು ಒಬ್ಬರ ಕಿವಿಯಲ್ಲಿ ಮಾತ್ರ ಹೇಳಿ ಮುಗಿಸಲು ನನಗೇನು ಹಕ್ಕಿದೆ?

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಭೂಗೋಳ ಓದಿದ್ದ ನಾನು ಬಿಜಾಪುರದ ಒಂದು ಖಾಸಗಿ ಕಚೇರಿಯಲ್ಲಿ ನಕಾಶೆ ಮಾಡುವ ಕೆಲಸಕ್ಕೆ ಸೇರಿದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ — ಈ ನಾಲ್ಕು ತಾಲೂಕುಗಳಲ್ಲಿ ಮನೆ ಇಲ್ಲದವರಿಗೆ ಮನೆ ಕಟ್ಟಿಸಲು ಯೋಗ್ಯವಾದ ಭೂಮಿ ಎಲ್ಲಿದೆ ಎಂದು ಹುಡುಕಿಕೊಡುವುದು ನಮ್ಮ ಪಾಲಿಗೆ ಬಂದ ಕೆಲಸ.

ಆ ಕೆಲಸ ಹೇಗೆ ನಡೆಯುತ್ತಿತ್ತು ಎಂದು ನಿಮಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಈಗ ಹೇಳುತ್ತೇನೆ. ನಾಲ್ಕೂ ತಾಲೂಕುಗಳ ನೆಲವನ್ನು ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ಚೌಕಗಳಾಗಿ ಒಡೆಯುತ್ತಿದ್ದೆವು. ಒಂದೊಂದು ಚೌಕಕ್ಕೂ ಅವೇ ಪ್ರಶ್ನೆಗಳು. ಇಳಿಜಾರು ಎಷ್ಟು, ಮಣ್ಣು ಎಂಥದು, ಡಾಂಬರು ರಸ್ತೆ ಎಷ್ಟು ದೂರ, ನೀರು ಎಷ್ಟು ದೂರ, ಈಗ ಆ ನೆಲದ ಮೇಲೆ ಏನಿದೆ. ಪ್ರತಿ ಉತ್ತರಕ್ಕೂ ಅಂಕ. ಯಾವ ಪ್ರಶ್ನೆ ಎಷ್ಟು ಮುಖ್ಯ ಎಂಬುದಕ್ಕೆ ತೂಕ. ಎಲ್ಲವನ್ನೂ ಕೂಡಿಸಿದರೆ ಚೌಕಕ್ಕೊಂದು ಬಣ್ಣ ಬರುತ್ತಿತ್ತು — ಕೆಂಪಾದರೆ ಬೇಡ, ಹಸಿರಾದರೆ ಯೋಗ್ಯ. ಝಳಕಿಯ ಹೆದ್ದಾರಿಯೂ ತಂಗಡಗಿಯ ಹೊಳೆಯೂ ನಮಗೆ ಪರದೆಯ ಮೇಲಿನ ಗೆರೆಗಳು. ಅವುಗಳಿಂದ ಚೌಕ ಎಷ್ಟು ದೂರ ಎಂಬುದಷ್ಟೇ ಲೆಕ್ಕ.

‘ಈಗ ನೆಲದ ಮೇಲೆ ಏನಿದೆ’ ಎಂಬ ಪ್ರಶ್ನೆಗೆ ಎಲ್ಲಕ್ಕಿಂತ ಹೆಚ್ಚು ತೂಕ ಕೊಟ್ಟಿದ್ದೆವು. ಉದ್ದೇಶ ಒಳ್ಳೆಯದೇ. ಬೆಳೆಯುವ ಹೊಲವನ್ನು ಮುಟ್ಟಬಾರದು, ಪಾಳು ಬಿದ್ದ ನೆಲವನ್ನೇ ಆರಿಸಬೇಕು ಎಂಬ ಉದ್ದೇಶ. ಹೌದು, ಕಾಶೀಬಾಯಿಯವರೇ — ನಿಮ್ಮ ಹೊಲವನ್ನು ಕಾಯಲೆಂದೇ ಮಾಡಿದ ನಿಯಮ ಅದು. ಅದೇ ನಿಮ್ಮ ಹೊಲವನ್ನು ತೆಗೆದುಕೊಂಡಿತು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಯಾರ ಮೇಲೆ ಎಂದು ಕೇಳಿದರೆ — ಮೊದಲು ನನ್ನ ಮೇಲೆಯೇ.

ನಮ್ಮ ಕೈಗೆ ಬಂದ ಉಪಗ್ರಹದ ಚಿತ್ರ ಶ್ರಾವಣದ್ದು. ಮುಂಗಾರಿ ಬಿತ್ತಿದ ಹೊಲಗಳೆಲ್ಲ ಅದರಲ್ಲಿ ಬೆಳೆಯಾಗಿ ಕಂಡವು. ಹಿಂಗಾರಿಗೆ ಬಿಟ್ಟ ಎರಿಹೊಲಗಳು ಬೋಳಾಗಿ ಕಂಡವು. ನಮ್ಮ ಕಡೆ ಬಿಳಿಜೋಳ ಬಿತ್ತುವುದು ಮಳೆಗಾಲ ಹಿಂದೆ ಸರಿಯುವಾಗ. ಅಲ್ಲಿಯವರೆಗೆ ಎರಿ ನೀರು ಕುಡಿಯುತ್ತ ಸುಮ್ಮನೆ ಬಿದ್ದಿರುತ್ತದೆ. ಸುಮ್ಮನೆ ಬಿದ್ದಿರುವುದೇ ಅದರ ಆಗಿನ ಕೆಲಸ. ಕಂಪ್ಯೂಟರಿಗೆ ಅದು ಹೇಗೆ ತಿಳಿಯಬೇಕು? ಬೋಳು ಕಂಡದ್ದನ್ನೆಲ್ಲ ಪಾಳಿನ ಬಣ್ಣಕ್ಕೆ ಸೇರಿಸಿತು.

ನಾನು ಮೊದಲು ನೋಡಿದ್ದು ತಾಂಬಾದ ಭಾಗವನ್ನು. ತನ್ನ ಊರನ್ನು ಮೊದಲು ಯಾರು ನೋಡುವುದಿಲ್ಲ? ನಮ್ಮ ಹೊಲ ಪಾಳಾಗಿತ್ತು. ನನಗೆ ನಗು ಬಂತು — ಅಪ್ಪನಿಗೆ ತೋರಿಸಿದರೆ ಬಾರಕೋಲು ತಗೊಂಡು ಕಚೇರಿಗೇ ಬರುತ್ತಾನೆ ಎಂದು ಪಕ್ಕದ ಕುರ್ಚಿಯವನಿಗೆ ಹೇಳಿದೆ. ನಕ್ಕು ಮುಗಿಸಿ, ನಮ್ಮ ಹೊಲದ ಬದುವಿನ ಗುಂಟ ಗೆರೆ ಎಳೆದು, ಪಾಳಿನ ಬಣ್ಣ ತೆಗೆದು ಬೆಳೆಯ ಬಣ್ಣ ತುಂಬಿದೆ. ಆಮೇಲೆ ದೊಡ್ಡಪ್ಪನದು. ಆಮೇಲೆ ಆಚೆ ಈಚೆಯ ಹೊಲಗಳು — ಗುರುತಿದ್ದವರವು, ಸಣ್ಣವನಿದ್ದಾಗ ಎಳೆ ಜೋಳದ ತೆನೆ ಸುಟ್ಟು ಸೀತನಿ ತಿಂದ ಹೊಲಗಳು. ಗುರುತು ಎಲ್ಲಿ ಮುಗಿಯಿತೋ ಅಲ್ಲಿ ನನ್ನ ಕೈ ನಿಂತಿತು.

ಇದೇ ನಾನು ಮುಚ್ಚಿಟ್ಟ ಸತ್ಯ. ತಿಳಿಯದೆ ತಪ್ಪಿದೆ ಎನ್ನಲು ನನಗೆ ದಾರಿಯಿಲ್ಲ. ತಿಳಿದಿತ್ತು ಎಂಬುದಕ್ಕೆ ನಕಾಶೆಯೇ ಸಾಕ್ಷಿ. ಅದರಲ್ಲಿ ತಾಂಬಾದ ಸುತ್ತ ಮಾತ್ರ ಎರಿಹೊಲಗಳು ಹೊಲಗಳಾಗಿವೆ. ಅದರಾಚೆ ನಾಲ್ಕು ತಾಲೂಕಿನ ತುಂಬ ಅವೇ ಪಾಳು. ಅದನ್ನು ನೋಡಿದ ಒಬ್ಬ ಅಧಿಕಾರಿಯಾದರೂ ‘ಇದೇನು, ಇಲ್ಲಿ ಮಾತ್ರ ಹೀಗೆ’ ಎಂದು ಕೇಳಲಿಲ್ಲ! ಬಣ್ಣ ಚೆನ್ನಾಗಿತ್ತು. ಹಸಿರು ಒಡೆಯದೆ ಒಂದೇ ತುಂಡಾಗಿ ಬಂದಿತ್ತು. ಬೆನ್ನು ತಟ್ಟಿದರು. ನಾನೂ ಬೆನ್ನು ತಟ್ಟಿಸಿಕೊಂಡೆ.

ನಿಮ್ಮ ಹೊಲ ಆ ಹಸಿರಿನ ನಟ್ಟನಡುವೆ ಇತ್ತು. ಮಣ್ಣಿನ ಪ್ರಶ್ನೆಯಲ್ಲಿ ಅದಕ್ಕೆ ಕಡಿಮೆ ಅಂಕವೇ ಬಂದಿತ್ತು — ಎರಿ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಅದರ ಮೇಲೆ ಗೋಡೆ ನಿಲ್ಲುವುದು ಕಷ್ಟ. ಆದರೆ ರಸ್ತೆ ಹತ್ತಿರ, ನೀರು ಹತ್ತಿರ, ಇಳಿಜಾರಿಲ್ಲ; ಅದರ ಮೇಲೆ ಪಾಳು ಎಂಬ ಭಾರದ ಅಂಕ. ಊರ ಪಡುವಣ ಮಡ್ಡಿ, ಗಟ್ಟಿ ನೆಲ, ಸ್ವಲ್ಪ ಇಳಿಜಾರೆಂಬ ಕಾರಣಕ್ಕೆ ಹಿಂದೆ ಬಿತ್ತು.

ಸ್ಥಳಕ್ಕೆ ಹೋಗಿ ಖಾತ್ರಿ ಮಾಡಿಕೊಳ್ಳಬೇಕೆಂಬ ನಿಯಮವೂ ಇತ್ತು. ಖಾತ್ರಿ ಮಾಡಲು ಬಂದವನು ನಾನೇ. ಭಾದ್ರಪದದಲ್ಲಿ, ನೀವಿಲ್ಲದ ಹೊತ್ತಿನಲ್ಲಿ, ನಿಮ್ಮ ಬದುವಿನ ಮೇಲೆ ನಿಂತಿದ್ದೆ. ಹೊಲದಲ್ಲಿ ಕುಂಟೆ ಹೊಡೆದ ಗೆರೆಗಳು ಹೊಸದಾಗಿದ್ದವು. ಬದುವಿಗೆ ಹೊಸ ಮಣ್ಣು ಏರಿತ್ತು. ಆರಿಸಿದ ಕಳೆ ಒಂದು ಮೂಲೆಯಲ್ಲಿ ಗುಡ್ಡೆಯಾಗಿತ್ತು. ಇನ್ನೇನು ಬೇಕಿತ್ತು ನನಗೆ? ಹೊಲ ಬಾಯಿ ಬಿಟ್ಟು ಮಾತಾಡಬೇಕಿತ್ತೇ? ತಿದ್ದಬೇಕೆಂದರೆ ನಕಾಶೆಯನ್ನೇ ಮತ್ತೆ ಮಾಡಬೇಕು, ಮೆಚ್ಚಿಕೊಂಡವರ ಎದುರು ತಪ್ಪು ಒಪ್ಪಬೇಕು, ತಾಂಬಾ ಮಾತ್ರ ಯಾಕೆ ಸರಿ ಇದೆ ಎಂದು ಉತ್ತರ ಕೊಡಬೇಕು. ಚಪ್ಪಲಿಗೆ ಮೆತ್ತಿದ ಎರಿಯನ್ನು ಕಲ್ಲಿಗೆ ಒರೆಸಿ ಜೀಪು ಹತ್ತಿದೆ. ‘ಪಾಳು — ಖಾತ್ರಿಯಾಗಿದೆ’ ಎಂದು ಬರೆದೆ.

ಆಮೇಲೆ ಶಾಲೆಯ ಅಂಗಳದ ಸಭೆ. ನಕಾಶೆಯನ್ನು ಗೋಡೆಗೆ ತೂಗುಹಾಕಿ, ಕೋಲು ಹಿಡಿದು ನಾನು ಓದಿ ಹೇಳುತ್ತಿದ್ದೆ. ಹೆಂಗಸರ ಸಾಲಿನಿಂದ ನೀವು ಎದ್ದು ನಿಂತಿರಿ.

“ಏ ತಮ್ಮಾ, ಆ ಹಸರ ಬಣ್ಣದ್ದು ನನ್ನ ಹೊಲ ಹೌದಲ್ಲೋ? ಅದರ ಮ್ಯಾಲ ಪಾಳು ಅಂತ ಯಾರ ಬರದಾರ?”

“ನಾವ್ ಬರದಿಲ್ಲರಿ ಬಾಯಾರ. ಉಪಗ್ರಹ ಮ್ಯಾಲಿಂದ ನೋಡೇತಿ. ಕಂಪ್ಯೂಟರ್ ಹೇಳೇತಿ.”

“ಅದು ರೊಟ್ಟಿ ತಿಂತೈತೇನು?”

ಜನ ನಕ್ಕರು. ಹಿಂದಿನಿಂದ ಯಾರೋ ಕೂಗಿದರು, “ಕಾಶೀಬಾಯಿ, ಅದು ಆಕಾಶದಾಗ ಐತಿ. ನಿನ್ನ ಬಾಯಿ ಅಲ್ಲಿತನಕಾ ಮುಟ್ಟಂಗಿಲ್ಲ!”

“ಮುಟ್ಟತೈತಿ, ನೀ ಸುಮ್ಕ ಕುಂಡ್ರು,” ಎಂದು ಅವರ ಬಾಯಿ ಮುಚ್ಚಿಸಿ ನನ್ನ ಕಡೆ ತಿರುಗಿದಿರಿ. “ತಮ್ಮಾ, ಪಾಳು ಅಲ್ಲ ಅದು. ಹಿಂಗಾರಿಗೆ ಬಿಟ್ಟೇನಿ. ಪುಷ್ಯದಾಗ ಬಾ. ಸೀತನಿ ಸುಟ್ಟ ಕೊಡತೇನಿ, ಶೇಂಗಾ ಹಿಂಡಿ ಹಚಗೊಂಡ ತಿನ್ನು. ತಿಂದ ಮ್ಯಾಲನೂ ಪಾಳು ಅಂತ ಅನ್ನೂದಿದ್ರ ಅನ್ನು.” ಆಮೇಲೆ ತಡೆದು, ನನ್ನ ಮುಖವನ್ನೇ ನೋಡುತ್ತ ಕೇಳಿದಿರಿ. “ನೀ ಯಾವೂರಾಂವಪಾ?”

ತಾಂಬಾ ಎಂದಿದ್ದರೆ — ತಾಂಬಾದವನಿಗೆ ಹಿಂಗಾರಿ ಗೊತ್ತಿಲ್ಲವೇ ಎಂದು ಇಡೀ ಅಂಗಳ ಕೇಳುತ್ತಿತ್ತು.

“ಬಿಜಾಪುರದಾಂವರಿ.”

“ಖಾಸ್ ಬಿಜಾಪುರ?”

“ಹೌದ್ರಿ.”

ನಿಮ್ಮ ಮುಖ ಸಡಿಲಾಯಿತು. ಸಿಟ್ಟೆಲ್ಲ ಇಳಿದು ಒಂದು ತೆರನ ಕನಿಕರ ಬಂತು. “ಹಂಗಾರ ಬಿಡಪಾ, ನಿನ್ನ ತಪ್ಪಲ್ಲ. ಪ್ಯಾಟ್ಯಾಗ ಹುಟ್ಟಿದಾಂವಗ ಇದೆಲ್ಲಾ ಹ್ಯಾಂಗ ತಿಳೀಬೇಕು,” ಎಂದು ಕುಳಿತುಬಿಟ್ಟಿರಿ.

ನೀವು ನನ್ನನ್ನು ಕ್ಷಮಿಸಿದಿರಿ, ಕಾಶೀಬಾಯಿಯವರೇ. ನಾನಲ್ಲದ ಒಬ್ಬನನ್ನು. ಆ ಕ್ಷಮೆಯನ್ನು ಕದ್ದುಕೊಂಡು ನಾನು ಇಷ್ಟು ವರ್ಷ ಬದುಕಿದೆ.

ಹೊಲ ಹೋಯಿತು; ಪರಿಹಾರವೂ ಪಾಳು ಭೂಮಿಯ ದರದ್ದೇ. ಮೊದಲ ಸಾಲಿನ ಮನೆಗಳೆದ್ದವು. ಒಂದು ಮಳೆಗಾಲ, ಒಂದು ಬೇಸಿಗೆ — ಎರಿ ಉಬ್ಬಿತು, ಬಿರಿಯಿತು, ಗೋಡೆಗಳೂ ಬಿರಿದವು. ಮುಂದಿನ ಸಾಲುಗಳನ್ನು ಕಟ್ಟಲೇ ಇಲ್ಲ. ಬೇರೆ ಕೆಲಸದ ಮೇಲೆ ಬಾಗೇವಾಡಿಗೆ ಬಂದವನು, ಇತ್ತೀಚೆಗೆ ಒಂದು ಮಧ್ಯಾಹ್ನ ನಿಮ್ಮೂರ ಆ ಮನೆಗಳ ಬಳಿ ಇಳಿದೆ. ಒಂದು ಮನೆಯ ಮುಂದೆ ಆಡು ಕಟ್ಟುತ್ತಿದ್ದವನು ನನ್ನನ್ನು ಗುರುತಿಸಲಿಲ್ಲ. “ಬರ್ರಿ ಸಾಹೇಬ್ರ, ಕದ ತಗ್ಯಾಕ ಬರೂದಿಲ್ಲಂತ ಬ್ಯಾಸರ ಮಾಡಕೋಬ್ಯಾಡ್ರಿ. ನಾವು ಬಿರದ ಗ್ವಾಡ್ಯಾಗಿಂದನ ಹಾದು ಬರ್ತೇವಿ,” ಎಂದು ನಕ್ಕ. ಅವನ ಹೆಂಡತಿ ಮಕ್ಕಳು ಹಳೆಯ ಗುಡಿಸಲಿಗೇ ಮರಳಿದ್ದರು. ಇಲ್ಲಿ ಉಳಿದದ್ದು ಆಡುಗಳು.

ಕಟ್ಟದೆ ಬಿಟ್ಟ ಉಳಿದ ನೆಲದ ತುಂಬ ಜಾಲಿ. ಬದು ಒಡೆದಿದೆ. ಈಗ ಅದು ಪಾಳು — ನಿಜವಾಗಿಯೂ ಪಾಳು. ನನ್ನ ನಕಾಶೆ ಕೊನೆಗೆ ಸತ್ಯವಾಯಿತು. ಸುಳ್ಳು ಬರೆದು, ನೆಲವನ್ನೇ ಆ ಸುಳ್ಳಿಗೆ ಹೊಂದಿಸಿಬಿಟ್ಟೆವು. ಯೋಗ್ಯ ಭೂಮಿಯಂತೆ! ಯಾವುದಕ್ಕೆ ಯೋಗ್ಯ? ಜೋಳವೂ ಇಲ್ಲ, ಮನೆಯೂ ಇಲ್ಲ. ಹೊಲ ಕಳೆದುಕೊಂಡ ನಿಮಗೂ ನ್ಯಾಯವಿಲ್ಲ, ಮನೆ ಸಿಕ್ಕಿತೆಂದು ಒಲೆ ಹೂಡಿದವರಿಗೂ ನ್ಯಾಯವಿಲ್ಲ. ಮತ್ತು ಇದಕ್ಕೆ ಯಾರೂ ಹೊಣೆಯಲ್ಲ, ಏಕೆಂದರೆ ಹೇಳಿದ್ದು ಕಂಪ್ಯೂಟರ್. ಆ ಮಾತನ್ನು ಮೊದಲು ಆಡಿದ ಬಾಯಿ ನನ್ನದು.

ಆಡು ಕಟ್ಟುವವನೇ ಹೇಳಿದ — ಉಳಿದ ನೆಲವನ್ನಾದರೂ ತಿರುಗಿ ಕೊಡಿರೆಂದು ನೀವು ತಾಲೂಕು ಕಚೇರಿಗೆ ಅಲೆಯುತ್ತಿದ್ದೀರಂತೆ. ಅವರು ಪ್ರತಿ ಸಲವೂ ನನ್ನ ನಕಾಶೆಯನ್ನೇ ಬಿಚ್ಚಿ ತೋರಿಸುತ್ತಾರಂತೆ: ಇದು ಹೊಲವೇ ಅಲ್ಲ, ಮೊದಲಿನಿಂದಲೂ ಪಾಳು.

ಅಲ್ಲ ಎಂದು ಹೇಳಬಲ್ಲವನು ನಾನು. ನನ್ನ ಹೆಸರು ಹಾಕಿ, ಸಹಿ ಮಾಡಿ, ಆ ಕಚೇರಿಯಲ್ಲಿ ನಿಂತು ಹೇಳುತ್ತೇನೆ. ಯಾಕೆ ಆಗಲೇ ಹೇಳಲಿಲ್ಲ ಎಂದು ಕೇಳುತ್ತಾರೆ. ತಾಂಬಾದ ಸುತ್ತಲಿನ ಬಣ್ಣ ತೋರಿಸುತ್ತೇನೆ. ಅದನ್ನು ನೋಡಿದ ಮೇಲೆ ನನ್ನನ್ನು ಏನೆಂದು ಕರೆಯಬೇಕೋ ಅವರು ಕರೆಯಲಿ.

ಈ ಪುಷ್ಯದಲ್ಲೂ ನಮ್ಮ ಹೊಲದಿಂದ ಸೀತನಿ ಬಂದಿದೆ. ಊರಲ್ಲಿರುವ ನನ್ನ ತಮ್ಮ ಸುಟ್ಟು, ತಿಕ್ಕಿ, ಬಿಸಿ ಆರದಂತೆ ಅರಿವೆಯಲ್ಲಿ ಸುತ್ತಿ ಕಳಿಸಿದ್ದಾನೆ. ಗಂಟು ಬಿಚ್ಚಿಲ್ಲ. ನಿಮಗೆ ಒಯ್ದು ಕೊಡಲೇ ಎಂದು ಒಂದು ಕ್ಷಣ ಅನಿಸಿತು — ಛೇ, ಉಳಿಸಿಕೊಂಡ ಹೊಲದ್ದನ್ನು ಕಳೆದುಕೊಂಡವರ ಮನೆಗೆ!

ಬರಿಗೈಲಿ ಬರುತ್ತೇನೆ. ಬಾಗಿಲಲ್ಲೇ ನಿಲ್ಲಿಸಿ, ಇನ್ನೊಮ್ಮೆ ಕೇಳಿರಿ — ಯಾವೂರಾಂವಪಾ, ಎಂದು.